ಮೇಷ್ಟ್ರು ಅಂದರೆ ಯಾರು ನೆನಪಾಗ್ತಾರೆ?

ಒಂದು ಮಾತು ಕಿವಿಗೆ ಬಿದ್ದರೆ ಮನಸ್ಸು ಅಲ್ಲಿಂದ ಎಲ್ಲಿಗೆ ಹಾರುತ್ತದೆಂದು ಮೊದಲೇ ಹೇಳಬಲ್ಲೆ ಅಂದುಕೊಂಡಾಗಲೆಲ್ಲ ನನಗೆ ಪೆಟ್ಟು ಬಿದ್ದಿದೆ. ಅರಕಲಗೂಡಿನಲ್ಲಿ ಮೇಷ್ಟ್ರಾಗಿದ್ದಷ್ಟು ಕಾಲವೂ ಇದು ತಪ್ಪಲಿಲ್ಲ.

೧. ಹಾಸನದಲ್ಲಿ ಹಿಡಿದ ಹುಚ್ಚು

ಯುದ್ಧದ ಕಾಲ. ಹಾಸನದಲ್ಲಿ ನಮ್ಮಂಥ ಮೇಷ್ಟ್ರುಗಳಿಗೆ ಹದಿನೈದು ದಿನದ ತರಬೇತಿ ಇಟ್ಟಿದ್ದರು. ಮೈಸೂರಿನಿಂದ ಬಂದಿದ್ದ ಪ್ರೊಫೆಸರೊಬ್ಬರು ಮನಸ್ಸಿನ ವಿಚಾರ ಪಾಠ ಮಾಡಿದರು.

"ನಾನೊಂದು ಪದ ಹೇಳ್ತೀನಿ. ಯೋಚನೆ ಮಾಡದೆ, ಮೊದಲು ಏನು ಬರುತ್ತೋ ಅದನ್ನ ಹೇಳಿ. ನಿಮ್ಮ ಮನಸ್ಸು ಎಂಥದು ಅಂತ ಗೊತ್ತಾಗುತ್ತೆ. ಎಲ್ಲಿ ಬಾಯಿ ಕಟ್ಟುತ್ತೋ ಅಲ್ಲಿ ಏನೋ ಬಚ್ಚಿಟ್ಟಿದ್ದೀರಿ ಅಂತ ಅರ್ಥ."

ಗಂಟೆ ಹನ್ನೆರಡೂವರೆ ಆಗಿತ್ತು. ಅವರು "ಹಸಿರು" ಅಂದರು. ಮುಂದಿನ ಸಾಲಿನವರು "ಹುರುಳೀಕಾಯಿ" ಅಂದರು. "ಬಿಳಿ" ಅಂದದ್ದಕ್ಕೆ "ಅನ್ನ" ಬಂತು. "ಕೆಂಪು" ಅಂದದ್ದಕ್ಕೆ "ಸಾರು". "ದುಂಡು" ಅಂದರು. ಇಡೀ ಕೊಠಡಿ ಒಂದೇ ಕೊರಳಲ್ಲಿ "ಮುದ್ದೆ" ಅಂದಿತು. ಪ್ರೊಫೆಸರು ಗಡಿಯಾರ ನೋಡಿ, ಪುಸ್ತಕ ಮುಚ್ಚಿ, ನಮಗಿಂತ ಮುಂಚೆ ಊಟಕ್ಕೆ ನಡೆದರು.

ಉಳಿದವರು ಪಾಠವನ್ನು ಅಲ್ಲೇ ಬಿಟ್ಟರು. ನಾನು ತಲೆಗೆ ಹಚ್ಚಿಕೊಂಡೆ. ನನಗಾಗಲೇ ಮೂವತ್ತು, ಇನ್ನೂ ಮದುವೆಯಿಲ್ಲ. ಹಾಡು ಬರುತ್ತಾ, ಹಪ್ಪಳ ಬರುತ್ತಾ ಎಂದು ಕೇಳುವುದು ಹಳೇ ಕಾಲದ್ದು, ಈ ಪದಗಳ ಪರೀಕ್ಷೆಯಲ್ಲಿ ಗೆದ್ದ ಹುಡುಗಿಯನ್ನೇ ಮದುವೆಯಾಗುವುದು ಎಂದು ತೀರ್ಮಾನ ಮಾಡಿಕೊಂಡೆ.

೨. ಹೆಡ್‌ಮೇಷ್ಟ್ರ ಮನಸ್ಸು

ಸೋದರಮಾವ ಚನ್ನರಾಯಪಟ್ಟಣದಲ್ಲಿ ಒಂದು ಹೆಣ್ಣು ಗೊತ್ತು ಮಾಡಿದರು. ಹೋಗಿ ನೋಡಲು ರಜೆ ಬೇಕು. ನಮ್ಮ ಹೆಡ್‌ಮೇಷ್ಟ್ರು ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿದ್ದವರು. ಅರಕಲಗೂಡಿನಲ್ಲಿ ಅಕ್ಷರ ಬಲ್ಲವರೆಲ್ಲ ಅವರ ಬೆತ್ತದ ರುಚಿಯನ್ನೂ ಬಲ್ಲವರೇ. ಮೊದಲು ಅವರ ಮನಸ್ಸು ತಿಳಿದುಕೊಂಡು ಆಮೇಲೆ ಅರ್ಜಿ ಕೊಡೋಣವೆಂದು ಮೇಜಿನ ಮುಂದೆ ನಿಂತೆ.

"ಸಾರ್, ಒಂದು ಪದ ಹೇಳ್ತೀನಿ. ಮೊದಲು ಬಂದದ್ದನ್ನ ಹೇಳ್ಬೇಕು. ಮಳೆ."

"ರಜೆ ಇಲ್ಲ."

"ಗುಬ್ಬಚ್ಚಿ."

"ರಜೆ ಇಲ್ಲ."

"ಮಾವಿನಹಣ್ಣು ಸಾರ್."

"ನೀನು ಇಷ್ಟು ನಯವಾಗಿ ಬಂದು ನಿಂತರೆ ರಜೆ ಬಿಟ್ಟು ಇನ್ನೇನಯ್ಯಾ ನೆನಪಾಗುತ್ತೆ?" ಅಂದರು.

ವಿಷಯ ಹೇಳಿದೆ. ಗೊಣಗುತ್ತಲೇ ರುಜು ಹಾಕಿದರು. "ಹೋಗು. ಆ ಮಗೂನ ಮಾತ್ರ ಇದನ್ನೆಲ್ಲ ಕೇಳ್ಬೇಡ. ನೆಟ್ಟಗೆ ಒಪ್ಕೊಂಡು ಬಾ."

೩. ಮಾವನ ದಾರಿ

ಆಗಿನದು ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು. ಹೊಳೆನರಸೀಪುರ ಮುಟ್ಟುವಷ್ಟರಲ್ಲಿ ಮೂರು ಸಲ ಇಳಿದು ತಳ್ಳಿದ್ದೆವು. ಹೊತ್ತು ಕಳೆಯಲೆಂದು ಮಾವನಿಗೆ "ಕುಂಬಳಕಾಯಿ" ಅಂದೆ.

"ಕುಂಬಳಕಾಯಾ? ಓದ್ ವರ್ಸ ನಮ್ಮಿತ್ಲಲ್ಲಿ ಬಿಟ್ಟಿತ್ತು. ಪಟೇಲ್ರ ಒಸ ಮನೆಗೆ ಕೊಟ್ಟೆ. ಆ ಮನೆ ಕಟ್ಟಿದ ಗಾರೆಯೋನು ಏಣಿಯಿಂದ ಬಿದ್ದು ಕಾಲು ಮುರ್ಕಂಡ. ಪಾಪ, ಮಗಳ ಮದ್ವೆ ಮಾಡ್ದ ವಾರವೇ. ಅಳೀಮಯ್ಯಂಗೆ ಇನ್ನೂ ಇಪ್ಪತ್ತು. ನಿಂಗೆ ಮೂವತ್ತಾಯ್ತು ಕಣ್ಲಾ."

"ಸೂಜಿ" ಅಂದೆ. ನಾಲ್ಕೇ ಮಾತಿನಲ್ಲಿ ನನ್ನ ಮದುವೆಗೆ ಬಂದರು. "ರೈಲು" ಅಂದೆ. ಎರಡೇ ಮಾತು. ಎಲ್ಲಿಂದ ಹೊರಡಿಸಿದರೂ ಮಾವನ ಯೋಚನೆ ನಿಲ್ಲುತ್ತಿದ್ದುದು ಒಂದೇ ಕಡೆ. ಬಸ್ಸು ಮಾತ್ರ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು.

೪. ಚನ್ನರಾಯಪಟ್ಟಣದ ಪರೀಕ್ಷೆ

ಹುಡುಗಿಯ ತಂದೆ ಕೊಬ್ಬರಿ ವ್ಯಾಪಾರಿ. ಉಪ್ಪಿಟ್ಟು, ಕಾಫಿ ಆಯಿತು. ಹುಡುಗಿ ಬಂದು ಚಾಪೆಯ ಮೇಲೆ ಕೂತಳು. ನಾನು ಜೇಬಿನಿಂದ ಪಟ್ಟಿ ತೆಗೆದೆ. ಮಾವ ಹಣೆ ಹಣೆ ಚಚ್ಚಿಕೊಂಡರು. ಹುಡುಗಿ ಹೆದರಲಿಲ್ಲ.

"ಹೊಳೆ" ಅಂದೆ. "ಬಟ್ಟೆ" ಅಂದಳು.

"ಬೆಳದಿಂಗಳು." "ಸೀಮೆಎಣ್ಣೆ ಉಳೀತದೆ."

"ಬೆಟ್ಟ." "ಅಜ್ಜಿ ಮಂಡಿ."

ಅಡುಗೆಮನೆ ಬಾಗಿಲಿಂದ ಅಜ್ಜಿ, "ಎಣ್ಣು ನೋಡಾಕ್ ಬಂದೋರ್ ಮುಂದೆ ನನ್ ಮಂಡಿ ಇಚಾರ ಯಾಕವ್ವಾ?" ಅಂದರು.

ನನಗೆ ಹುಡುಗಿ ಬಹಳ ಹಿಡಿಸಿದಳು. ಕೊನೆಯದಾಗಿ "ಮೇಷ್ಟ್ರು" ಅಂದೆ.

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು, ತಲೆ ತಗ್ಗಿಸಿದಳು. ಮತ್ತೊಮ್ಮೆ ಕೇಳಿದೆ. ಎದ್ದು ಒಳಗೆ ಹೋಗಿಬಿಟ್ಟಳು. ಬಾಯಿ ಕಟ್ಟಿದ ಕಡೆ ಏನೋ ಬಚ್ಚಿಟ್ಟಿರುತ್ತಾರೆ ಎಂಬ ಪ್ರೊಫೆಸರ ಮಾತು ನೆನಪಾಯಿತು. ಮಾವನನ್ನು ಜಗಲಿಗೆ ಕರೆದು, "ಈ ಸಂಬಂಧ ಬೇಡ ಮಾವ. ಅವಳ ಮನಸ್ಸಿನಲ್ಲಿ ಇನ್ಯಾರೋ ಮೇಷ್ಟ್ರು ಇದ್ದಾರೆ" ಅಂದೆ.

ಮಾವ ಒಳಗೆ ಹೋಗಿ ಅಜ್ಜಿಯ ಹತ್ತಿರ ಮಾತಾಡಿ, ನಗುನಗುತ್ತಾ ಬಂದರು.

"ಲೇ ಪೆದ್ದ, ಮೇಷ್ಟ್ರು ಅಂದ್ರೆ ಆ ಮಗೀಗೆ ನೆಪ್ಪಾಗಿದ್ದು ನಿನ್ನೆಸ್ರೇ ಕಣ್ಲಾ. ನೀನು ಉಪ್ಪಿಟ್ಟು ತಿನ್ನೋವಾಗ್ಲೇ ಕಿಟಕೀಲಿ ನೋಡಿ ಒಪ್ಬುಟ್ಟವ್ಳಂತೆ. ಗಂಡನೆಸ್ರ ಬಾಯ್ಬುಟ್ಟು ಎಂಗ್ಲಾ ಯೋಳಾಳು?"

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಪಟ್ಟಿಯನ್ನು ಅಲ್ಲೇ ಹರಿದು ಹಾಕಿ ಇನ್ನೊಂದು ತಟ್ಟೆ ಉಪ್ಪಿಟ್ಟು ತಿಂದೆ.

೫. ಕೇಳದೆ ಸಿಕ್ಕ ರಜೆ

ಮದುವೆಯಾಗಿ ಅರಕಲಗೂಡಿನಲ್ಲಿ ಮನೆ ಹೂಡಿದ ಮೇಲೆ ರೇಷನ್ ಕಾರ್ಡು ಬರೆಯಲು ಗುಮಾಸ್ತನೊಬ್ಬ ಮನೆಮನೆಗೆ ಬಂದ. ನಾನು ಶಾಲೆಯಲ್ಲಿದ್ದೆ.

"ಯಜಮಾನರ ಹೆಸರೇನಮ್ಮ?" ಎಂದು ನನ್ನ ಹೆಂಡತಿಯನ್ನು ಕೇಳಿದ.

"ಮೇಷ್ಟ್ರು."

"ಕೆಲಸ ಅಲ್ಲಮ್ಮ, ಹೆಸರು."

"ನಾನೆಂಗ್ ಯೋಳ್ಲಿ? ಮೇಷ್ಟ್ರು ಅಂದ್ ಕೂಡ್ಲೆ ನಿಮ್ಗೆ ಯಾರ ಎಸ್ರು ಬತ್ತದೋ ಅದನ್ನೇ ಬರ್ಕಳಿ."

ಗುಮಾಸ್ತ ಅದೇ ಊರಲ್ಲಿ ಓದಿದವನು. ಒಂದು ಸಲ ಅಂಗೈ ನೋಡಿಕೊಂಡು, ತಡವಿಲ್ಲದೆ ಬರೆದುಕೊಟ್ಟನಂತೆ. ಇವಳಿಗೆ ಓದಲು ಬಾರದು. ಕಾರ್ಡು ಬಂದ ದಿನವೇ ಸೊಸೈಟಿಗೆ ಹೋಗಿ ಸೀಮೆಎಣ್ಣೆ ತಂದಳು.

ಸಾಯಂಕಾಲ ನಾನು ನೋಡುತ್ತೇನೆ, ಕಾರ್ಡಿನಲ್ಲಿ ನನ್ನ ಹೆಂಡತಿಯ ಯಜಮಾನರು ನಮ್ಮ ಹೆಡ್‌ಮೇಷ್ಟ್ರು.

"ಇದೇನೇ ಮಾಡಿದೆ?" ಅಂದೆ.

"ಮೇಷ್ಟ್ರು ಅಂದ್ರೆ ಎಲ್ಲಾರ್ಗೂ ನೀವೇ ನೆಪ್ಪಾಯ್ತೀರಿ ಅಂದ್ಕಂಡಿದ್ದೆ" ಅಂದಳು. ಬೈಯುವ ಮನಸ್ಸಾಗಲಿಲ್ಲ.

ಮಾರನೆಯ ಬೆಳಿಗ್ಗೆ ಶಾಲೆಗೆ ಹೋದರೆ ಹೆಡ್‌ಮೇಷ್ಟ್ರು ಬಾಗಿಲಲ್ಲೇ ಕಾಯುತ್ತಿದ್ದರು. ಹಿಂದಿನ ದಿನ ಅವರ ಹೆಂಡತಿ ಸೊಸೈಟಿಗೆ ಹೋದಾಗ ಅಲ್ಲಿಯವರು, "ನಿಮ್ಮ ಯಜಮಾನರ ಇನ್ನೊಂದು ಮನೆಯವರು ಆಗಲೇ ಎಣ್ಣೆ ತಗೊಂಡು ಹೋದರಲ್ಲಮ್ಮ" ಅಂದರಂತೆ. ಆ ತಾಯಿ ನೆಟ್ಟಗೆ ಮನೆಗೆ ಬಂದು, "ಸಕ್ಕರೆಗೊಂದು ಸಂಸಾರ, ಸೀಮೆಎಣ್ಣೆಗೊಂದು ಸಂಸಾರವೇನ್ರೀ?" ಎಂದು ಕೇಳಿದರಂತೆ. ಊರಿಗೆಲ್ಲ ಬೆತ್ತ ಬೀಸಿದವರನ್ನು ಬರಿಗೈಯಲ್ಲಿ ಅವತ್ತೇ ನಾನು ನೋಡಿದ್ದು.

ನಾನು ಬಾಯಿ ತೆರೆಯುವ ಮುಂಚೆಯೇ ಅವರು ಹೇಳಿದರು: "ರಜೆ ತಗೋ. ಇವತ್ತು, ನಾಳೆ, ಎಷ್ಟು ದಿನ ಬೇಕಾದರೂ ತಗೋ. ಕಾರ್ಡು ತಿದ್ದಿಸಿ, ಅದನ್ನ ಮೊದಲು ನಮ್ಮ ಮನೇಲಿ ತೋರಿಸಿ ಬಾ. ಅಲ್ಲೀವರೆಗೂ ನನಗೆ ಇಲ್ಲೇ ಸ್ಕೂಲಲ್ಲೇ ವಾಸ."