ನಾಲ್ಕನೇ ಪುಟದ ಡಾಕ್ಟರರು

ಪತ್ರಿಕೆಯಲ್ಲಿ ಕೆಲಸ ಮಾಡುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಸ್ಸು ಹಿಡಿದು ಬಂದು ಮೇಜಿನ ಎದುರು ಕೂತುಕೊಳ್ಳುತ್ತವೆ. ಇನ್ನು ಗಂಡ ಹೆಂಡಿರ ಗುಟ್ಟಿನ ವಿಷಯ ಬರೆಯುವ ಪತ್ರಿಕೆಯಾದರೆ ಕೇಳುವುದೇ ಬೇಡ.

ಅರುವತ್ತರ ದಶಕದಲ್ಲಿ ಬಂಟ್ವಾಳ ಪೇಟೆಯ ಒಂದು ಸಣ್ಣ ವಾರಪತ್ರಿಕೆಗೆ ನಾನು ಉಪಸಂಪಾದಕನಾಗಿದ್ದೆ. ಸಂಪಾದಕರೆಂದು ಪ್ರೆಸ್ಸಿನ ಯಜಮಾನರ ಹೆಸರು ಅಚ್ಚಾಗುತ್ತಿತ್ತು. ಬರೆಯುವುದು, ಪ್ರೂಫ್ ನೋಡುವುದು, ಬೈಗುಳ ತಿನ್ನುವುದು ನನ್ನ ಪಾಲಿಗೆ. ಯಜಮಾನರ ಹೊಟ್ಟೆ ತುಂಬಿಸುತ್ತಿದ್ದದ್ದು ಪತ್ರಿಕೆಯಲ್ಲ, ಅದೇ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದ ಮದುವೆ ಕಾಗದಗಳು. ಅಂಥವರನ್ನು ಆರು ತಿಂಗಳು ಕಾಡಿ ಬೇಡಿ, ನಾಲ್ಕನೇ ಪುಟದಲ್ಲಿ ಒಂದು ಅಂಕಣಕ್ಕೆ ಜಾಗ ಮಾಡಿಸಿಕೊಂಡೆ. ದಾಂಪತ್ಯ, ಬಸಿರು, ಗುಪ್ತರೋಗ, ಯಾವ ಪ್ರಶ್ನೆ ಬಂದರೂ ಡಾಕ್ಟರರೊಬ್ಬರು ಉತ್ತರಿಸುತ್ತಿದ್ದರು. ಕೇಳಿದವರ ಹೆಸರು ಹಾಕುವ ಹಾಗಿಲ್ಲ, ಅವರಿಗೆ ಬುದ್ಧಿ ಹೇಳುವ ಹಾಗಿಲ್ಲ. ಇವೆರಡು ನಮ್ಮ ನಿಯಮ.

ಯಜಮಾನರದ್ದು ಮೂರನೆಯ ನಿಯಮ. "ನೋಡಿ ಮಾರಾಯ್ರೇ, ಊರಿನ ದೊಡ್ಡವರು ಬಂದು ಇದು ಬೇಡ ಅಂತ ಹೇಳಿದ ದಿನ ಇದು ಬಂದ್. ಮದುವೆ ಕಾಗದದ ಗಿರಾಕಿಗಳನ್ನು ಕಳಕೊಳ್ಳಲಿಕ್ಕೆ ನನ್ನಿಂದಾಗುವುದಿಲ್ಲ."

"ಆಯಿತು" ಅಂದೆ. ಅಂಕಣ ನಿಂತರೆ ನಾನೂ ಇಲ್ಲಿ ನಿಲ್ಲುವುದಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡೆ.

ಕೆಳಗಿನ ಎರಡು ಸಾಲು

ಆಗೆಲ್ಲ ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸಿ ಪುಟ ಕಟ್ಟುವುದು. ಪುಟದ ಬುಡದಲ್ಲಿ ಎರಡು ಬೆರಳು ಜಾಗ ಉಳಿದರೆ ಅಲ್ಲಿಗೆ ತುಂಬಿಸಲೆಂದು ಮೊಳೆ ಜೋಡಿಸುವ ನಮ್ಮ ಕಂಪೋಸಿಟರ್ ಕೆಲವು ಹಿತವಚನಗಳನ್ನು ಮೊದಲೇ ಕಟ್ಟಿಟ್ಟುಕೊಂಡಿದ್ದ. ತುಂಬ ಶಿಸ್ತಿನ ಮನುಷ್ಯ. ಅಳತೆಗೆ ಸರಿಯಾಯಿತೋ, ತೆಗೆದು ಕೂರಿಸಿಬಿಡುತ್ತಿದ್ದ. ಏನು ಬರೆದಿದೆಯೆಂದು ಓದುವುದು ತನ್ನ ಕೆಲಸವಲ್ಲ ಎಂಬುದು ಅವನ ವಾದ.

ಬೆಳ್ತಂಗಡಿ ಕಡೆಯ ಮದುಮಗನೊಬ್ಬ ಪತ್ರ ಬರೆದಿದ್ದ. ಮದುವೆಯಾಗಿ ಎರಡು ತಿಂಗಳಾಯಿತು, ಹೆಂಡತಿಯ ಹತ್ತಿರ ಹೋಗಲಿಕ್ಕೇ ಹೆದರಿಕೆ ಅಂತ. ಡಾಕ್ಟರರು ಬಹಳ ಚೆನ್ನಾಗಿ ಉತ್ತರಿಸಿದ್ದರು. ಹೆದರಿಕೆ ಎಲ್ಲರಿಗೂ ಇರುವುದೇ, ಅವಸರ ಬೇಡ, ಮೊದಲು ಇಬ್ಬರೂ ಕೂತು ಮಾತಾಡಿ, ಉಳಿದದ್ದು ತಾನಾಗಿಯೇ ಬರುತ್ತದೆ ಎಂದು. ಓದಿ ನನಗೇ ಸಮಾಧಾನವಾಗಿತ್ತು. ಪುಟ ಅಚ್ಚಾಗಿ ಬಂತು. ಉತ್ತರದ ಕೆಳಗೆ ಉಳಿದಿದ್ದ ಜಾಗದಲ್ಲಿ ಬ್ರಹ್ಮಚರ್ಯದ ಮಹಿಮೆಯನ್ನು ಕೊಂಡಾಡುವ ಎರಡು ಸಾಲು, ದಪ್ಪ ಅಕ್ಷರದಲ್ಲಿ, ಸುತ್ತ ಬಳ್ಳಿಯ ಚೌಕಟ್ಟಿನೊಂದಿಗೆ ಕೂತಿತ್ತು.

ನಾಲ್ಕೇ ದಿನದಲ್ಲಿ ಮದುಮಗನ ಎರಡನೆಯ ಪತ್ರ ಬಂತು. "ಮಾನ್ಯರೇ, ಮೇಲೆ ಹೇಳಿದ ಹಾಗೆ ಮಾಡುವುದೋ, ಕೆಳಗೆ ಹೇಳಿದ ಹಾಗೆ ಮಾಡುವುದೋ? ಬೇಗ ತಿಳಿಸಿ. ಹೆಂಡತಿ ಕಾಯ್ತಾ ಇದ್ದಾಳೆ."

ಕಾರ್ಡಿನ ಮೂಲೆಯಲ್ಲಿ

ಹೆಚ್ಚಿನ ಪ್ರಶ್ನೆಗಳು ಬರುತ್ತಿದ್ದದ್ದು ಪೋಸ್ಟ್ ಕಾರ್ಡಿನಲ್ಲಿ. ಹೆಸರು ಹಾಕದಿದ್ದರೆ ಗುಟ್ಟು ಉಳಿಯಿತು ಎಂದು ಬರೆಯುವವರ ನಂಬಿಕೆ. ಆದರೆ ಹಳ್ಳಿಯಲ್ಲಿ ಅಂಚೆಯವನಿಗೆ ಗೊತ್ತಿಲ್ಲದ ಕೈಬರಹ ಯಾವುದುಂಟು?

ಒಂದು ಕಾರ್ಡು ಬಂತು. ನೀಲಿ ಶಾಯಿಯಲ್ಲಿ ಪ್ರಶ್ನೆ: ನಾಲ್ಕು ಮಕ್ಕಳಾಗಿವೆ, ಇನ್ನು ಸಾಕು, ಗಂಡಸು ಆಪರೇಷನ್ ಮಾಡಿಸಿಕೊಂಡರೆ ಆಮೇಲೆ ಆಸೆ ಹೋಗುತ್ತದೋ? ಅದರ ಕೆಳಗೆ, ಮೂಲೆಯಲ್ಲಿ, ಪೆನ್ಸಿಲಿನಲ್ಲಿ ಬೇರೆಯೇ ಅಕ್ಷರ: "ಇದೇ ಸಂಶಯ ನನಗೂ ಉಂಟು. ಒಟ್ಟಿಗೇ ಉತ್ತರಿಸಿ."

ಆಸೆ ಎಲ್ಲಿಗೂ ಹೋಗುವುದಿಲ್ಲ ಎಂದು ಡಾಕ್ಟರರು ಬರೆದರು. ಮರುವಾರ ಅದೇ ಊರಿನಿಂದ ಬೇರೊಬ್ಬರ ಕಾರ್ಡು ಬಂತು, ಮುಟ್ಟು ನಿಂತ ಹೆಂಗಸರ ಬಗ್ಗೆ. ಮೂಲೆಯಲ್ಲಿ ಮತ್ತೆ ಪೆನ್ಸಿಲ್. "ಇದಕ್ಕೆ ನೀವು ತೊಂದರೆ ತಕೊಳ್ಳಬೇಡಿ. ಕಳೆದ ತಿಂಗಳ ಒಂದು ಸಂಚಿಕೆಯಲ್ಲೇ ಉಂಟು, ನಾನು ಅವರಿಗೆ ಮನೆಗೇ ಹೋಗಿ ಹೇಳಿದ್ದೇನೆ."

ಹೊಗಳಿಕೆಯ ತಪ್ಪು

ಇದು ನನ್ನದೇ ಮೂರ್ಖತನ. ಮೂಡುಬಿದಿರೆಯ ಹತ್ತಿರ ಒಬ್ಬಾಕೆ ಗಂಡನನ್ನು ಬಿಟ್ಟು ಇನ್ನೊಬ್ಬರನ್ನು ಮದುವೆಯಾದರೆಂದು ಕೇಳಿದೆ. ನನ್ನ ತಲೆಯೊಳಗೆ ದೀಪ ಹೊತ್ತಿಕೊಂಡಿತು. ಘಟ್ಟದ ಮೇಲಿನ ಪತ್ರಿಕೆಗಳನ್ನು ಓದಿ ಓದಿ ಕಲಿತ ಭಾಷೆಯಲ್ಲಿ, ಸಮಾಜದ ಸಂಕೋಲೆ ಕಡಿದ ದಿಟ್ಟ ಮಹಿಳೆ, ಕ್ರಾಂತಿಯ ಕಹಳೆ ಎಂದೆಲ್ಲ ಬರೆದೆ. ಹೆಸರು ಹಾಕಲಿಲ್ಲ. ಊರಿನವರಿಗೆ ಹೆಸರು ಬೇಕಾಗಲೂ ಇಲ್ಲ.

ವಾರದೊಳಗೆ ಆಕೆಯ ಅಜ್ಜಿ ಬಸ್ಸಿಳಿದು ನೇರ ಪ್ರೆಸ್ಸಿಗೆ ಬಂದರು. ಎಂಬತ್ತರ ಹತ್ತಿರದ ಪ್ರಾಯ. ಅವರದು ಅಳಿಯಕಟ್ಟಿನ ಮನೆತನ. ಮನೆ, ಗದ್ದೆ ಎಲ್ಲ ಹೆಣ್ಣಿನ ಸಂತಾನಕ್ಕೇ ಹೋಗುವುದು. ಕೂತವರೇ ತುಳುವಿನಲ್ಲಿ ಕೇಳಿದರು, "ಮಗಾ, ನನ್ನ ಮೊಮ್ಮಗಳು ಎಂತ ತಪ್ಪು ಮಾಡಿದಳು ಅಂತ ನೀನು ಅವಳನ್ನು ಹೀಗೆ ಹೊಗಳಿದ್ದು?"

"ಅಜ್ಜೀ, ತಪ್ಪಲ್ಲ, ಧೈರ್ಯ ಅಂತ ಬರೆದದ್ದು."

"ಎಂತದರ ಧೈರ್ಯ? ಅವನೊಟ್ಟಿಗೆ ಸರಿಹೋಗಲಿಲ್ಲ, ಬಿಟ್ಟಳು. ಇವನೊಟ್ಟಿಗೆ ಸರಿಹೋಯಿತು, ಮದುವೆಯಾದಳು. ನನಗೆ ಎರಡು ಮದುವೆ. ನನ್ನ ಅಕ್ಕನಿಗೆ ಮೂರು. ಆಗ ಯಾರೂ ಕ್ರಾಂತಿ ಅಂತ ಬೊಬ್ಬೆ ಹಾಕಲಿಲ್ಲ. ಊರವರು ಮದುವೆಗೆ ಬಂದರು, ಊಟ ಮಾಡಿದರು, ಹೋದರು."

ಐದು ಕೊಡೆಗಳು

ಯಜಮಾನರು ಹೆದರಿದ್ದ ದಿನ ಬಂದೇ ಬಂತು. ಒಂದು ಬೆಳಿಗ್ಗೆ ಊರಿನ ಐದು ಮಂದಿ ದೊಡ್ಡವರು ಒಟ್ಟಾಗಿ ಬಂದರು. ಮುಂದಾಳು ನಿವೃತ್ತ ಹೆಡ್ಮಾಸ್ಟರು. ಸುಡುಬಿಸಿಲು, ಐವರೂ ಕೊಡೆ ಮಡಚಿ ಬಾಗಿಲ ಮೂಲೆಯಲ್ಲಿ ನಿಲ್ಲಿಸಿದರು. ಹೆಡ್ಮಾಸ್ಟರ ಕೈಯಲ್ಲಿ ನಮ್ಮ ಎರಡು ವರ್ಷದ ಸಂಚಿಕೆಗಳ ಕಟ್ಟು. ಒಂದೂ ಬಿಡದೆ ದಾರ ಹಾಕಿ ಹೊಲಿದಿದ್ದರು. ನಾಲ್ಕನೇ ಪುಟದಲ್ಲೆಲ್ಲ ಕೆಂಪು ಗೆರೆ.

"ಇದು ಮರ್ಯಾದಸ್ಥರು ಓದುವಂಥದ್ದಲ್ಲ" ಅಂದರು.

"ನೀವು ಎಲ್ಲ ಓದಿದ್ದೀರಿ ಸಾರ್" ಅಂದೆ. ಯಜಮಾನರು ನನ್ನ ಕಾಲು ತುಳಿದರು.

"ನಿಲ್ಲಿಸಲೇಬೇಕು" ಅಂತ ಐವರದೂ ಒಂದೇ ಮಾತು. ಯಜಮಾನರು ಕೈಮುಗಿದು, "ಮುಂದಿನ ವಾರದಿಂದ ಇಲ್ಲ" ಅಂದುಬಿಟ್ಟರು. ಐವರೂ ಎದ್ದು ಹೋದರು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು. ಒಂದು ಹಾಳೆ ಎಳೆದುಕೊಂಡು ರಾಜೀನಾಮೆ ಬರೆಯತೊಡಗಿದೆ. ಯಜಮಾನರು ತಮ್ಮ ಮೇಜಿನಲ್ಲಿ ಮದುವೆ ಕಾಗದದ ಪ್ರೂಫಿನಿಂದ ಮುಖ ಮುಚ್ಚಿಕೊಂಡು ಕೂತಿದ್ದರು.

ಹತ್ತು ನಿಮಿಷವಾಗಿರಲಿಲ್ಲ, ಐವರಲ್ಲಿ ಒಬ್ಬರಾದ ಅಕ್ಕಿ ಮಿಲ್ಲಿನವರು ತಿರುಗಿ ಬಂದರು. "ಕೊಡೆ ಮರೆತೆ." ಕೊಡೆ ಕೈಗೆ ತಕೊಂಡರು, ಹೋಗಲಿಲ್ಲ. ನನ್ನ ಹತ್ತಿರ ಬಗ್ಗಿ, "ನಿಲ್ಲಿಸುವ ಮೊದಲು ಒಂದು ವಿಷಯ ಡಾಕ್ಟರರಲ್ಲಿ ಕೇಳಬಹುದೋ?" ಅಂದರು. ರಾಜೀನಾಮೆಯ ಹಾಳೆಯ ಹಿಂದೆಯೇ ಬರೆದುಕೊಂಡೆ.

ಅವರು ಹೋಗುವುದನ್ನೇ ಕಾದಿದ್ದ ಹಾಗೆ ಜವುಳಿ ಅಂಗಡಿಯವರು ಬಂದರು. ಕೊಡೆ ಮರೆತಿದ್ದರಂತೆ. ಆಮೇಲೆ ವಕೀಲರು, ಅವರ ಹಿಂದೆ ಹೋಟೆಲಿನವರು. ಪ್ರತಿಯೊಬ್ಬರದೂ ಒಂದೊಂದು ಕೊಡೆ, ಒಂದೊಂದು ಪ್ರಶ್ನೆ. ಯಾರಿಗೂ ಬೇರೆಯವರು ಬಂದು ಹೋದದ್ದು ಗೊತ್ತಿಲ್ಲ. ನಾನು ಹೇಳಲೂ ಇಲ್ಲ, ನಗಲೂ ಇಲ್ಲ. ನಗದೆ ಇರಲಿಕ್ಕೆ ಪಟ್ಟ ಕಷ್ಟ ನನಗೇ ಗೊತ್ತು.

ಕೊನೆಗೆ ಹೆಡ್ಮಾಸ್ಟರು. ಮನೆಗೆ ಹೋಗುವ ಪೊಳಲಿ ಬಸ್ಸನ್ನೂ ಬಿಟ್ಟು ಬಂದಿದ್ದರು. ಕೊಡೆಯ ನೆಪವನ್ನೂ ಹೇಳಲಿಲ್ಲ. ಅಂದವಾದ ಅಕ್ಷರದಲ್ಲಿ ಬರೆದು ತಂದಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟು, "ಹೆಸರು ಹಾಕುವುದಿಲ್ಲ ತಾನೇ?" ಎಂದು ಕೇಳಿದರು. "ಎಂದಿಗೂ ಇಲ್ಲ ಸಾರ್" ಅಂದೆ. ಕೊಡೆ ಬಿಡಿಸಿಕೊಂಡು ಬಿಸಿಲಿಗಿಳಿದರು.

ಬಾಗಿಲ ಮೂಲೆ ಖಾಲಿಯಾಯಿತು. ಐದು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನಾನು ಯಜಮಾನರ ಮುಖ ನೋಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಎದ್ದು ಬಂದು ನನ್ನ ರಾಜೀನಾಮೆಯ ಹಾಳೆಯನ್ನು ಮಗುಚಿ, ಪ್ರಶ್ನೆಗಳಿದ್ದ ಮಗ್ಗುಲನ್ನು ಮೇಲೆ ಮಾಡಿ, "ಇದನ್ನು ಜೋಡಿಸಲಿಕ್ಕೆ ಕೊಡಿ. ಅಂಕಣ ಇರಲಿ" ಅಂದರು. ಬಾಗಿಲಿನತ್ತ ಒಮ್ಮೆ ನೋಡಿದರು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ನನ್ನೆದುರಿನ ಸ್ಟೂಲು ಎಳೆದು ಕೂತರು.

"ನನಗೆ ಕೊಡೆ ಇಲ್ಲ ಮಾರಾಯ್ರೇ. ಆದರೂ ಒಂದು ಕೇಳ್ಲಿಕ್ಕೆ ಉಂಟು."