ನಿಲ್ದಾಣವು ಐವತ್ತು ಅಡಿ ಏರಿದ್ದು

ಸಮುದ್ರಮಟ್ಟದಿಂದ ಎರಡು ಸಾವಿರದ ಒಂಬೈನೂರ ಅರವತ್ತು ಅಡಿ ಎತ್ತರದಲ್ಲಿದ್ದ ಆ ವಿಮಾನ ನಿಲ್ದಾಣವು, ತಿಂಗಳ ಒಂದನೇ ತಾರೀಖು ಬೆಳಗ್ಗೆ ಹತ್ತು ಗಂಟೆಯಿಂದ ಅನ್ವಯವಾಗುವಂತೆ, ಮೂರು ಸಾವಿರದ ಹತ್ತು ಅಡಿಗೆ ಏರಿತು. ಭೂಕಂಪ ಆಗಿರಲಿಲ್ಲ. ಯಾರೂ ಮಣ್ಣು ತಂದು ಸುರಿದಿರಲಿಲ್ಲ. ಸಭೆ ಸೇರಿ ಠರಾವು ಪಾಸಾಗಿತ್ತು, ಅಷ್ಟೇ.

ಇದಕ್ಕೆಲ್ಲ ಕಾರಣರಾದವರು ಮೀಟರ್ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ. ನಿಲ್ದಾಣದ ವರ್ಕ್‌ಶಾಪಿನಲ್ಲಿ ಇಪ್ಪತ್ತೇಳು ವರ್ಷದಿಂದ ವಿಮಾನದ ಮೀಟರುಗಳನ್ನು ಬಿಚ್ಚಿ, ಒರೆಸಿ, ಪರೀಕ್ಷೆ ಮಾಡಿ, ಸರಿ ಇದ್ದರೆ ಮುದ್ರೆ ಒತ್ತಿ ಕಳಿಸುತ್ತಿದ್ದ ಮನುಷ್ಯ. ತಪ್ಪು ತೋರಿಸುವ ಮೀಟರು ಸಿಕ್ಕರೆ, "ಅಲ್ಲಯ್ಯಾ, ನಿನಗೆ ಎಷ್ಟು ಸಲ ಹೇಳಿಕೊಡೋದು?" ಎಂದು ಅದರ ಮುಖ ನೋಡಿ ಬೈಯುತ್ತಿದ್ದರಾದ್ದರಿಂದ ಆ ಹೆಸರು ಬಿದ್ದಿತ್ತು. ಅವರ ಒಬ್ಬಳೇ ಮಗಳು ಅದೇ ನಿಲ್ದಾಣದಲ್ಲಿ ಏಳನೇ ನಂಬರಿನ ವಿಮಾನಕ್ಕೆ ಸಹ ಪೈಲಟ್ಟು. ಮಗಳು ಕೂರುವ ವಿಮಾನದ ಮೀಟರು ಮೇಜಿಗೆ ಬಂದರೆ ಮೇಷ್ಟ್ರು ಅದನ್ನು ಮೂರು ಸಲ ಪರೀಕ್ಷಿಸುತ್ತಿದ್ದರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಒಂದೊಂದು ವಿಮಾನದಲ್ಲೂ ಎತ್ತರ ತೋರಿಸುವ ಮೀಟರು ಮೂರು ಇರುತ್ತವೆ. ಪೈಲಟ್ಟು ಕೈಕಟ್ಟಿ ಕೂತಾಗ ತಾನೇ ವಿಮಾನ ನಡೆಸುವ ಆಟೋಪೈಲಟ್ ಎಂಬ ಯಂತ್ರ ಈ ಮೂವರನ್ನೂ ವಿಚಾರಿಸುತ್ತದೆ. ಇಬ್ಬರು ಒಂದು ಹೇಳಿ ಒಬ್ಬ ಇನ್ನೊಂದು ಹೇಳಿದರೆ ಇಬ್ಬರ ಮಾತು ನಡೆಯುತ್ತದೆ. ಮೂರನೆಯವನ ಬಾಯಿ ಮುಚ್ಚಿಸಿ, ಅವನು ಕೆಟ್ಟಿದ್ದಾನೆಂದು ಒಂದು ಹಳದಿ ದೀಪ ಹತ್ತಿಸುತ್ತದೆ. ಯಂತ್ರ ಮಾಡಿದವರು ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡಿದ್ದರು. ಇಬ್ಬರು ಸೇರಿ ಒಂದೇ ಸುಳ್ಳು ಹೇಳಬಹುದು ಎಂಬುದು ಅವರಿಗೆ ಹೊಳೆದಿರಲಿಲ್ಲ, ಯಾಕೆಂದರೆ ಅವರಿಗೆ ಖರೀದಿ ಶಾಖೆಯ ಪರಿಚಯ ಇರಲಿಲ್ಲ.

ಖರೀದಿ ಶಾಖೆಯು ಅತಿ ಕಡಿಮೆ ದರದ ಟೆಂಡರಿನಲ್ಲಿ, ಒಂದಕ್ಕೆ ಒಂದು ಉಚಿತವೆಂಬ ಷರತ್ತಿನ ಮೇಲೆ, ಎರಡು ಹೊಸ ಮೀಟರು ತರಿಸಿ ಮೂರನೇ ನಂಬರಿನ ವಿಮಾನಕ್ಕೆ ಹಾಕಿಸಿತು. ಎರಡೂ ನಿಜಕ್ಕಿಂತ ಐವತ್ತು ಅಡಿ ಜಾಸ್ತಿ ತೋರಿಸುತ್ತಿದ್ದವು. ಹಳೆಯದೊಂದು ಮಾತ್ರ ನಿಜ ಹೇಳುತ್ತಿತ್ತು. ದೀಪ ಹತ್ತಿತು. ಹಳೆಯದನ್ನು ಬಿಚ್ಚಿ ಮೇಷ್ಟ್ರ ಮೇಜಿಗೆ ತಂದರು. ಮೇಷ್ಟ್ರು ಪರೀಕ್ಷಿಸಿ, ಸರಿ ಇದೆಯೆಂದು ವಾಪಸು ಕಳಿಸಿದರು. ಮತ್ತೆ ದೀಪ ಹತ್ತಿತು. ಆ ಪಾಪದ ಮೀಟರು ನಾಲ್ಕು ಸಲ ಹೋಗಿ ನಾಲ್ಕು ಸಲ ಬಂದ ಮೇಲೆ ವರ್ಕ್‌ಶಾಪಿನ ಅಧೀಕ್ಷಕರು ಮೇಷ್ಟ್ರನ್ನು ಕರೆಸಿದರು.

"ಏನ್ರೀ ಮೇಷ್ಟ್ರೇ, ನಿಮ್ಮ ಮೀಟರು ಯಾರ ಜೊತೆಗೂ ಹೊಂದಿಕೊಂಡು ಹೋಗಲ್ವಂತೆ?"

"ಸಾರ್, ಅದೊಂದೇ ಸರಿ ಇರೋದು. ಹೊಸವೆರಡೂ ಐವತ್ತು ಅಡಿ ಸುಳ್ಳು ಹೇಳ್ತಿವೆ."

"ಇಬ್ಬರೂ ಸುಳ್ಳರು, ಇವನೊಬ್ಬನೇ ಸಾಚಾ! ಇಪ್ಪತ್ತೇಳು ವರ್ಷ ಸರ್ವಿಸ್ ಆದವರು ಆಡೋ ಮಾತೇನ್ರೀ ಇದು?"

"ವಿಮಾನ ನೆಲದ ಮೇಲೇ ನಿಂತಿದೆಯಲ್ಲ ಸಾರ್, ನೆಲಾನೇ ಕೇಳಿ. ರನ್‌ವೇ ತುದೀಲಿ ಕಲ್ಲು ನೆಟ್ಟಿದಾರೆ, ಎತ್ತರ ಎಷ್ಟು ಅಂತ ಅದರ ಮೇಲೇ ಕೆತ್ತಿದಾರೆ."

ಅಧೀಕ್ಷಕರು ನ್ಯಾಯವಂತರು. ಕಲ್ಲು ಮತ್ತು ಹಳೇ ಮೀಟರು ಒಂದು ಪಕ್ಷ, ಹೊಸ ಮೀಟರುಗಳೆರಡು ಇನ್ನೊಂದು ಪಕ್ಷ, ಎರಡಕ್ಕೆರಡು ಸಮಬಲ ಎಂದು ತೀರ್ಮಾನಿಸಿ, ಸಮಬಲವಾದಲ್ಲಿ ಸಭೆ ಕರೆಯತಕ್ಕದ್ದೆಂಬ ನಿಯಮದಂತೆ ಸಭೆ ಕರೆದರು.

ಸಭೆಯ ಅಧ್ಯಕ್ಷತೆಯನ್ನು ನಿರ್ದೇಶಕರು ವಹಿಸಿದ್ದರು. ನಡವಳಿ ಪುಸ್ತಕದಲ್ಲಿ ಹೀಗೆ ದಾಖಲಾಗಿದೆ: "ಹೇಳಿಕೆ ನೀಡಲು ಕಲ್ಲಿಗೆ ನೋಟೀಸು ಅಂಟಿಸಲಾಗಿತ್ತು. ಕಲ್ಲು ಹಾಜರಾಗಿರುವುದಿಲ್ಲ. ಗೈರುಹಾಜರಿಗೆ ಕಾರಣವನ್ನೂ ತಿಳಿಸಿರುವುದಿಲ್ಲ." ಮೇಷ್ಟ್ರು ಎದ್ದು ನಿಂತು ಅರ್ಧ ಗಂಟೆ ವಿವರಿಸಿದರು. ಗಾಳಿಯ ಒತ್ತಡ ಅಂದರೇನು, ಮೀಟರಿನ ಹೊಟ್ಟೆಯೊಳಗಿನ ತೆಳು ಡಬ್ಬಿ ಹೇಗೆ ಹಿಗ್ಗುತ್ತದೆ, ಹೇಗೆ ಕುಗ್ಗುತ್ತದೆ, ಎಲ್ಲ ಹೇಳಿದರು. ನಿರ್ದೇಶಕರು ಕಣ್ಣು ಮುಚ್ಚಿಕೊಂಡು ಕೇಳಿದರು. ಹಳೇ ಮೀಟರಿನ ಪಕ್ಷ ಗೆದ್ದೇ ಬಿಟ್ಟಿತು ಅನ್ನುವಷ್ಟರಲ್ಲಿ ಹೆಡ್ ಗುಮಾಸ್ತರು ಕೆಮ್ಮಿದರು.

"ಒಂದು ಸಣ್ಣ ವಿಷಯ ಸಾರ್. ಭತ್ಯೆ ನಿಯಮಾವಳಿ, ಅಧ್ಯಾಯ ಒಂಬತ್ತು. ಮೂರು ಸಾವಿರ ಅಡಿಗಿಂತ ಎತ್ತರದ ಜಾಗದಲ್ಲಿ ಕೆಲಸ ಮಾಡುವ ನೌಕರರಿಗೆ ಚಳಿ, ಉಸಿರಾಟದ ತೊಂದರೆ ಮತ್ತು ಬೇಸರದ ಸಲುವಾಗಿ ಸಂಬಳದ ಕಾಲು ಭಾಗ ಎತ್ತರ ಭತ್ಯೆ."

ಯಾರೋ ಎದ್ದು ಹೋಗಿ ಫ್ಯಾನು ಆರಿಸಿದರು. ನಿರ್ದೇಶಕರು ಕಣ್ಣು ಬಿಟ್ಟರು. ಖರೀದಿ ಶಾಖೆಯವರು ಅಂಗಿಯ ಕತ್ತಿನ ಗುಂಡಿ ಹಾಕಿಕೊಂಡರು. ಅಧೀಕ್ಷಕರಿಗೆ ಆಗಲೇ ಸಣ್ಣಗೆ ಮೇಲುಸಿರು ಬರತೊಡಗಿತ್ತು.

"ನೋಡ್ರೀ ಮೇಷ್ಟ್ರೇ," ಅಂದರು ನಿರ್ದೇಶಕರು ಮೃದುವಾಗಿ, "ನಾವು ಇಷ್ಟು ವರ್ಷ ಎಂಥಾ ಚಳೀಲಿ ಕೆಲಸ ಮಾಡಿದ್ವಿ ಅಂತ ಇವತ್ತು ಗೊತ್ತಾಯ್ತು."

ಠರಾವು ಸರ್ವಾನುಮತದಿಂದ ಪಾಸಾಯಿತು. ಮೇಷ್ಟ್ರ ಭಿನ್ನಮತವನ್ನು ಆಟೋಪೈಲಟ್ಟಿನ ಮಾದರಿಯಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಲ್ಲಿನ ಮೇಲಿನ ಅಂಕಿಗಳನ್ನು ಸಿಮೆಂಟಿನಿಂದ ಮುಚ್ಚಿ ಹೊಸ ಅಂಕಿ ಬರೆಯುವುದು. ನಿಲ್ದಾಣದ ಏಳೂ ವಿಮಾನಗಳ ಉಳಿದ ಹತ್ತೊಂಬತ್ತು ಮೀಟರುಗಳನ್ನು ಮೇಷ್ಟ್ರು ತಮ್ಮ ಕೈಯಾರೆ ಐವತ್ತು ಅಡಿ ಮೇಲಕ್ಕೆ ತಿರುಗಿಸಿ, 'ಸರಿ ಇದೆ' ಎಂದು ಮುದ್ರೆ ಒತ್ತುವುದು.

ಮೇಷ್ಟ್ರು ಕೊನೆಯ ಪ್ರಯತ್ನವೆಂದು ನಿರ್ದೇಶಕರ ಕೋಣೆಗೆ ಹೋದರು.

"ಸಾರ್, ಇಲ್ಲಿ ನೆಲಾನೂ ಏರಿಸಿದ್ವಿ, ಮೀಟರೂ ಏರಿಸಿದ್ವಿ, ಹೇಗೋ ನಡೆಯತ್ತೆ ಅನ್ನಿ. ಆದ್ರೆ ನಮ್ಮ ವಿಮಾನ ಹೋಗಿ ಇಳಿಯೋದು ಕೆಳಗಿನ ಊರಲ್ಲಿ. ಅಲ್ಲಿನ ನೆಲ ಏರಿಲ್ಲವಲ್ಲ."

"ಒಳ್ಳೇ ಪಾಯಿಂಟು," ಅಂದರು ನಿರ್ದೇಶಕರು. "ಅವರಿಗೂ ಏರೋಕೆ ಒಂದು ಪತ್ರ ಬರೆಸ್ತೀನಿ."

ಹತ್ತು ದಿನದಲ್ಲಿ ಕೆಳಗಿನ ಊರಿನ ನಿಲ್ದಾಣದಿಂದ ಉತ್ತರ ಬಂತು. ತಮ್ಮ ನಿಲ್ದಾಣವು ಐನೂರ ಇಪ್ಪತ್ತು ಅಡಿಯಲ್ಲಿದ್ದು, ಐವತ್ತು ಅಡಿ ಏರುವುದರಿಂದ ಸಿಬ್ಬಂದಿಗೆ ಯಾವ ಪ್ರಯೋಜನವೂ ಇಲ್ಲವೆಂದೂ, ಆದರೆ ನಿರ್ದೇಶಕರ ಪತ್ರದಿಂದ ಸ್ಫೂರ್ತಿಗೊಂಡು ನಿಯಮಾವಳಿ ಪರಿಶೀಲಿಸಲಾಗಿ ಐನೂರು ಅಡಿಗಿಂತ ಕೆಳಗಿನವರಿಗೆ ಸೆಕೆ ಮತ್ತು ಸೊಳ್ಳೆಗಳ ಸಲುವಾಗಿ ತಗ್ಗು ಭತ್ಯೆ ಇರುವುದು ಕಂಡುಬಂದಿದೆಯೆಂದೂ, ಆದ್ದರಿಂದ ಮೂವತ್ತು ಅಡಿ ಇಳಿಯಲು ಸಂತೋಷದಿಂದ ತೀರ್ಮಾನಿಸಲಾಗಿದೆಯೆಂದೂ ಅದರಲ್ಲಿ ಬರೆದಿತ್ತು. ಎರಡೂ ನಿಲ್ದಾಣಗಳ ನಡುವಿನ ಸೌಹಾರ್ದ ಹೀಗೇ ಬೆಳೆಯಲಿ ಎಂದು ಹಾರೈಸಿದ್ದರು.

ಮೇಷ್ಟ್ರು ಆ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಮನೆಗೆ ಬಂದರು. ಊಟಕ್ಕೆ ಕೂತಾಗ ಮಗಳ ಮುಂದೆ ಲೆಕ್ಕ ಬಿಡಿಸಿಟ್ಟರು. "ನೋಡು ಪುಟ್ಟಿ, ಮೀಟರು ಐವತ್ತು ಮೇಲೆ, ಅವರ ನೆಲ ಮೂವತ್ತು ಕೆಳಗೆ. ಒಟ್ಟು ಎಂಬತ್ತು. ಅಲ್ಲಿ ಇಳಿಯುವಾಗ ಇನ್ನೂರು ಅಡಿ ಮೇಲಿದೀನಿ ಅಂತ ನಿನ್ನ ಆಟೋಪೈಲಟ್ ಅಂದ್ಕೊಳ್ಳುತ್ತಲ್ಲ, ಆಗ ನಿಜವಾಗಿ ಇರೋದು ನೂರಿಪ್ಪತ್ತೇ. ರನ್‌ವೇ ಮುಂದಿರೋ ನೀರಿನ ಟ್ಯಾಂಕು ಎಷ್ಟೆತ್ತರ?"

"ನೂರ ಮೂವತ್ತು," ಅಂದಳು ಮಗಳು.

"ನೀನು ಎಂಬತ್ತು ಕಳೆದುಕೋ."

"ನಾನು ಕಳೀತೀನಪ್ಪ. ಆಟೋಪೈಲಟ್ಟಿಗೆ ಕಳೆಯೋಕೆ ಬರಲ್ಲ. ಮಂಜು ಬಿದ್ದ ದಿನ ಇನ್ನೂರು ಅಡಿಗೆ ಇಳಿಯೋವರೆಗೂ ಅದನ್ನ ಮುಟ್ಟಬಾರದು ಅಂತ ರೂಲು. ಮುಟ್ಟಿದ್ರೆ ಲೈಸೆನ್ಸ್ ಕಿತ್ಕೋತಾರೆ."

ತಾಯಿ ಒಳಗಿನಿಂದ, "ಒಂದಿಷ್ಟು ಟ್ಯಾಂಕಿನ ಪಕ್ಕದಲ್ಲಿ ಹೋಗಬಾರದೇನೇ?" ಎಂದು ಕೇಳಿದರು.

ಮರುದಿನದಿಂದ ಮೇಷ್ಟ್ರು ಆಜ್ಞೆಯಂತೆ ಮೀಟರು ತಿರುಗಿಸಲು ಕೂತರು. ಒಂದೊಂದಕ್ಕೂ ಮುದ್ರೆ ಒತ್ತಿದರು. ಒತ್ತದಿದ್ದರೆ ಕೆಲಸ ಹೋಗುತ್ತಿತ್ತು, ಇನ್ನೊಬ್ಬ ಬಂದು ಒತ್ತುತ್ತಿದ್ದ. ಕೊನೆಗೆ ಏಳನೇ ನಂಬರಿನ ಮೂರು ಮೀಟರು ಮೇಜಿಗೆ ಬಂದವು. ಅವುಗಳಲ್ಲಿ ಒಂದನ್ನು ಮಾತ್ರ ತಿರುಗಿಸಿ, ಎರಡನ್ನು ಹಾಗೇ ಬಿಟ್ಟು, ಮೂರಕ್ಕೂ ಮುದ್ರೆ ಒತ್ತಿ ಕಳಿಸಿಬಿಟ್ಟರು.

ಏಳನೇ ನಂಬರಿನಲ್ಲಿ ಹಳದಿ ದೀಪ ಹತ್ತಿತು. ಅಧೀಕ್ಷಕರು ಓಡಿ ಬಂದರು.

"ಏನ್ರೀ ಇದು, ಇಡೀ ನಿಲ್ದಾಣದಲ್ಲಿ ಇದೊಂದೇ ವಿಮಾನ ಕೆಟ್ಟಿದೆಯಲ್ಲ!"

"ಹೌದು ಸಾರ್. ಇಬ್ಬರು ಒಂದು ಹೇಳ್ತಾರೆ, ಒಬ್ಬ ಇನ್ನೊಂದು. ಇಬ್ಬರ ಮಾತೇ ಸರಿ ಅಂತ ತಾವೇ ಹೇಳಿದ್ರಲ್ಲ. ಮೂರನೆಯವನನ್ನ ಬೇಕಾದ್ರೆ ಬಿಚ್ಚಿಸಿ ಪರೀಕ್ಷೆ ಮಾಡ್ತೀನಿ. ನಾಲ್ಕು ಸಲ ಹೋಗಿ ಬರಬೇಕಾಗತ್ತೆ."

ಅಧೀಕ್ಷಕರು ನಿಯಮ ನಿಯಮವೇ ಎಂದು ಒಪ್ಪಿಕೊಂಡರು. ಆರು ವಿಮಾನಗಳಿಗೆ 'ನಿರ್ದೋಷಿ' ಎಂಬ ಪ್ರಮಾಣಪತ್ರವೂ, ಏಳನೆಯದಕ್ಕೆ 'ದೋಷಪೂರಿತ, ಆದರೂ ಹಾರಬಹುದು' ಎಂಬ ಷರಾವೂ ದೊರೆತವು. ಮೇಷ್ಟ್ರು ಆ ವಾರ ಮೊದಲ ಸಲ ಹೊಟ್ಟೆತುಂಬ ಉಂಡರು.

ಮಂಜಿನ ಕಾಲ ಶುರುವಾಯಿತು. ಒಂದು ಶುಕ್ರವಾರ ನಿರ್ದೇಶಕರಿಗೆ ಕೆಳಗಿನ ಊರಿಗೆ ತುರ್ತಾಗಿ ಹೋಗಬೇಕಾಗಿ ಬಂತು. ಅವರು ನೇರವಾಗಿ ವರ್ಕ್‌ಶಾಪಿಗೇ ಬಂದು, ಮೇಜಿನ ಮೇಲಿದ್ದ ಒಂದು ಮೀಟರನ್ನು ಎತ್ತಿ ನೋಡುತ್ತಾ ಕೇಳಿದರು.

"ಮೇಷ್ಟ್ರೇ, ಇವತ್ತು ನಿಮ್ಮ ಮಗಳು ಯಾವುದರಲ್ಲಿ ಹೋಗ್ತಾಳೆ?"

"ಏಳರಲ್ಲಿ ಸಾರ್."

"ಅದು ಕೆಟ್ಟಿದೆ ಅಲ್ವಾ?"

"ಪೂರ್ತಿ ಕೆಟ್ಟಿದೆ ಸಾರ್."

"ಹಾಗಾದ್ರೆ ನಾನೂ ಅದರಲ್ಲೇ ಹೋಗ್ತೀನಿ. ಕೆಟ್ಟ ವಿಮಾನದಲ್ಲಿ ಅಧಿಕಾರಿಗಳೇ ಮೊದಲು ಕೂರಬೇಕು. ಸಾರ್ವಜನಿಕರ ಜೀವ ಅಮೂಲ್ಯ ಕಣ್ರೀ."

ಈ ತ್ಯಾಗದ ಸುದ್ದಿ ಸಂಜೆಯೊಳಗೆ ನಿಲ್ದಾಣವೆಲ್ಲ ಹಬ್ಬಿತು. ಮುಂದಿನ ವಾರ ಅಧೀಕ್ಷಕರು, ಖರೀದಿ ಶಾಖೆಯವರು, ಹೆಡ್ ಗುಮಾಸ್ತರ ಭಾವ ಮೈದುನ, ಎಲ್ಲರೂ ಜನಹಿತಕ್ಕಾಗಿ ದೋಷಪೂರಿತ ವಿಮಾನದಲ್ಲೇ ಪ್ರಯಾಣ ಮಾಡುತ್ತೇವೆಂದು ಹಟ ಹಿಡಿದರು. ಸೀಟಿಗಾಗಿ ನೂಕುನುಗ್ಗಲಾಯಿತು. ಕೊನೆಗೆ ಸುತ್ತೋಲೆ ಹೊರಟಿತು: ಏಳನೇ ನಂಬರಿನ ವಿಮಾನವನ್ನು ಅಧಿಕಾರಿಗಳಿಗೆ ಮೀಸಲಿಡಲಾಗಿದೆ. ಸಾರ್ವಜನಿಕರು ನಿರ್ದೋಷಿ ವಿಮಾನಗಳಲ್ಲಿ ನಿಶ್ಚಿಂತೆಯಿಂದ ಪ್ರಯಾಣಿಸತಕ್ಕದ್ದು. ದೋಷಪೂರಿತ ವಿಮಾನ ನಡೆಸುವ ಪೈಲಟ್ಟುಗಳಿಗೆ ವಿಶೇಷ ಅಪಾಯ ಭತ್ಯೆ ನೀಡಲಾಗುವುದು. ಭತ್ಯೆಯ ಹುದ್ದೆಯಾದ್ದರಿಂದ ಅದನ್ನು ಸೇವಾ ಹಿರಿತನದ ಮೇಲೆಯೇ ತುಂಬತಕ್ಕದ್ದು.

ಮೇಷ್ಟ್ರು ಸುತ್ತೋಲೆಯನ್ನು ಎರಡು ಸಲ ಓದಿದರು. ಮಗಳಿಗೆ ಸೇವೆ ಆಗಿದ್ದು ಮೂರು ವರ್ಷ. ಅವಳನ್ನು ಐದನೇ ನಂಬರಿಗೆ ಹಾಕಿದ್ದರು. ಐದನೇ ನಂಬರಿನ ಮೂರೂ ಮೀಟರನ್ನು ತಿರುಗಿಸಿ ಮುದ್ರೆ ಒತ್ತಿದವರು ಅವರೇ.

ಓಡುತ್ತಾ ಹೋಗಿ ಐದನೇ ನಂಬರಿನ ಮೀಟರು ಬಿಚ್ಚಿಸಿ ಕೊಡಿ ಎಂದು ಅಧೀಕ್ಷಕರನ್ನು ಕೇಳಿದರು. ದೀಪ ಹತ್ತದ ವಿಮಾನದಿಂದ ಮೀಟರು ಬಿಚ್ಚುವುದು ನಿಷಿದ್ಧ ಎಂದರು ಅಧೀಕ್ಷಕರು. ಮೇಷ್ಟ್ರು ನಿರ್ದೇಶಕರ ಕಾಲಿಗೆ ಬೀಳಲು ಹೋದರು. ನಿರ್ದೇಶಕರು ಎಬ್ಬಿಸಿ ಕೂರಿಸಿದರು. "ಏನ್ರೀ ಮೇಷ್ಟ್ರೇ, ಮಗಳನ್ನ ಕೆಟ್ಟ ವಿಮಾನದಿಂದ ಒಳ್ಳೇ ವಿಮಾನಕ್ಕೆ ಹಾಕಿದ್ದಕ್ಕೆ ಯಾರಾದ್ರೂ ಹೀಗೆ ಅಳ್ತಾರೇನ್ರೀ?" ಎಂದು ನೀರು ತರಿಸಿ ಕುಡಿಸಿ, ಅರ್ಜಿ ನಮೂನೆ ಹದಿನಾಲ್ಕನ್ನು ಕೈಗೆ ಕೊಟ್ಟರು. 'ದೋಷಪೂರಿತ ವಿಮಾನಕ್ಕೆ ವರ್ಗಾವಣೆ ಕೋರಿಕೆ' ಎಂದು ಅದರ ಮೇಲೆ ಅಚ್ಚಾಗಿತ್ತು. ಬೇಡಿಕೆ ಜಾಸ್ತಿಯಿದ್ದುದರಿಂದ ಮೊದಲೇ ಅಚ್ಚು ಹಾಕಿಸಿಟ್ಟಿದ್ದರು.

ಕಾಯುವವರ ಪಟ್ಟಿಯಲ್ಲಿ ಮಗಳಿಗೆ ನಲವತ್ತೊಂದನೇ ನಂಬರು ಸಿಕ್ಕಿತು.

ಆಮೇಲೆ ಮೇಷ್ಟ್ರು ಮಗಳ ಹಾರಾಟವಿದ್ದ ದಿನವೆಲ್ಲ ಮಂಜಿನಲ್ಲಿ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು, ಐದನೇ ನಂಬರು ವಾಪಸು ಬಂದ ಸದ್ದು ಕೇಳಿದ ಮೇಲೇ ಒಳಗೆ ಹೋಗುತ್ತಿದ್ದರು. ಕೆಲವು ವಿಮಾನಗಳ ಸದ್ದು ಬರಲಿಲ್ಲ. ಎರಡು ತಿಂಗಳಲ್ಲಿ ನಿಲ್ದಾಣದ ಏಳು ವಿಮಾನ ಐದಾದವು. ವಿಚಾರಣಾ ಸಮಿತಿಯು, ಎರಡರಲ್ಲೂ ಯಾವುದೇ ದೀಪ ಹತ್ತಿರಲಿಲ್ಲವಾದ್ದರಿಂದ ವಿಮಾನಗಳಲ್ಲಿ ದೋಷವಿರಲಿಲ್ಲ ಎಂದು ವರದಿ ಕೊಟ್ಟಿತು.

ಎರಡನೇ ತಿಂಗಳ ಕೊನೆಯಲ್ಲಿ ಮೇಷ್ಟ್ರು ಪಟ್ಟಿ ವಿಚಾರಿಸಲು ಹೆಡ್ ಗುಮಾಸ್ತರ ಹತ್ತಿರ ಹೋದರು. ಗುಮಾಸ್ತರು ಎತ್ತರ ಭತ್ಯೆಯಲ್ಲಿ ಕೊಂಡ ಹೊಸ ಸ್ವೆಟರಿನಲ್ಲಿ ಬೆವರುತ್ತಾ ಕೂತಿದ್ದರು. ಪುಸ್ತಕ ತೆರೆದು ಬೆರಳಾಡಿಸಿ ಮುಖ ಅರಳಿಸಿದರು.

"ಸಿಹಿ ಸುದ್ದಿ ಮೇಷ್ಟ್ರೇ! ನಲವತ್ತೊಂದರಲ್ಲಿ ಇದ್ಲಲ್ಲ, ಈಗ ಮೂವತ್ತೇಳು. ಪಟ್ಟಿ ಚೆನ್ನಾಗಿ ಓಡ್ತಾ ಇದೆ."

"ಯಾರಾದ್ರೂ ನಿವೃತ್ತಿ ಆದ್ರಾ ಸಾರ್?"

"ನಿವೃತ್ತಿ ಯಾರೂ ಆಗಿಲ್ಲ," ಅಂದರು ಗುಮಾಸ್ತರು. "ಮಂಜಿನ ಕಾಲ ಅಲ್ವೇ."

ಮೇಷ್ಟ್ರು ಕೈಮುಗಿದು ಮನೆಗೆ ಬಂದರು. ಮಗಳು ಮಾರನೆಯ ದಿನದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ನಂಬರು ಕೇಳಿ, "ಪರವಾಗಿಲ್ವೇ, ಇಷ್ಟು ಬೇಗ ಮುಂದೆ ಬರ್ತೀನಿ ಅಂದ್ಕೊಂಡಿರಲಿಲ್ಲ," ಅಂದಳು. ತಾಯಿ ಕೈ ಒರೆಸಿಕೊಂಡು ಬಂದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಮೂವತ್ತೇಳು ಎಂದು ಬರೆದು, ಮಂಜು ಇನ್ನೂ ಎಷ್ಟು ವಾರ ಇರುತ್ತದೆ ಎಂದು ಗಂಡನನ್ನು ಕೇಳಿದರು.