ಹಪ್ಪಳದ ಮೇಲೊಂದು ದೂರು

ಗಲ್ಫಿನಲ್ಲಿ ಒಬ್ಬನೇ ಇರುವವನಿಗೆ ನಗು ಬರುವ ಪ್ರಸಂಗಗಳಿಗೇನೂ ಬರವಿಲ್ಲ, ಹೇಳಿಕೊಳ್ಳಲು ಜನ ಸಿಗಬೇಕಲ್ಲ!

ನಾನು ದೋಹಾದ ಒಂದು ಸೂಪರ್ ಮಾರ್ಕೆಟಿನ ಗೋದಾಮಿನಲ್ಲಿ ಸ್ಟೋರ್ ಕೀಪರ್. ಬ್ರೆಜಿಲಿನ ಕೋಳಿ, ಚಿಲಿಯ ಸೇಬು, ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕು. ದಿನವಿಡೀ ಹಿಂದಿ, ಮಲಯಾಳಂ, ನಡುನಡುವೆ ಅರಬಿಯ ‘ಯಲ್ಲಾ’, ‘ಖಲಾಸ್’. ನಮ್ಮ ಭಾಷೆಯಲ್ಲಿ ಯಾರೊಡನೆಯಾದರೂ ಸಾವಕಾಶ ಹರಟಬೇಕೆಂದು ಜೀವ ಹಾತೊರೆಯುತ್ತದೆ. ಊರಿನಲ್ಲಿರುವ ಹೆಂಡತಿಗೆ ಫೋನ್ ಮಾಡಿದರೆ ಎರಡು ನಿಮಿಷ. “ಊಟ ಆಯ್ತಾ?” “ಆಯ್ತು.” “ಇಡ್ತೇನೆ ಮಾರಾಯ್ರೆ, ಸಂಘಕ್ಕೆ ಹೋಗ್ಲಿಕ್ಕುಂಟು.” ಸಂಘದಲ್ಲಿ ಎಂತ ಕೆಲಸ ಎಂದು ನಾನೂ ಕೇಳಿದವನಲ್ಲ.

ಅಮ್ಮನ ಕೈರುಚಿ

ದೋಹಾದ ಅಲ್ ಮನ್ಸೂರಾ ಬಡಾವಣೆಯ ಹೋಟೆಲೊಂದರಲ್ಲಿ ನೀರುದೋಸೆ ತಿಂದೆ. ಥೇಟ್ ಅಮ್ಮ ಮಾಡಿದ ಹಾಗೆ! ದೋಸೆ ಹೊಯ್ದ ಭಟ್ಟ ನಮ್ಮ ಕಡೆಯವನೇ ಎಂದು ಅಡುಗೆಮನೆಗೇ ನುಗ್ಗಿ, ಯಾವ ಊರು ಎಂದು ತುಳುವಿನಲ್ಲಿ ಕೇಳಿದೆ. ಭಟ್ಟ ಕಣ್ಣು ಕಣ್ಣು ಬಿಟ್ಟ. ಆಮೇಲೆ ಹಿಂದಿಯಲ್ಲಿ ತಿಳಿಯಿತು, ಅವನು ನೇಪಾಳದವನು. ಕಲಿಸಿದವನು ಶ್ರೀಲಂಕಾದವನಂತೆ.

“ನಿಮಗೆ ಮಾಡಲು ಬರುತ್ತದೆಯೇ?” ಎಂದು ಕೇಳಿದ. ಇಲ್ಲ ಎಂದೆ.

“ರಜೆಯ ದಿನ ಬನ್ನಿ, ನಿಮ್ಮೂರಿನ ದೋಸೆ ನಾನು ಕಲಿಸುತ್ತೇನೆ.”

ಪೆಟ್ಟಿಗೆ

ರಜೆಗೆ ಹೋದಾಗ ಪೆಟ್ಟಿಗೆ ಬಿಚ್ಚಿದೆ. ಖರ್ಜೂರ, ಚಾಕೊಲೇಟು, ಅತ್ತರು. ಹಿಂದೆಲ್ಲ ಗಲ್ಫಿನವನು ಪೆಟ್ಟಿಗೆ ಬಿಚ್ಚಿದರೆ ನೆರೆಕರೆಯವರೂ ಸೇರುತ್ತಿದ್ದರು. ಮಗಳು ಇಣುಕಿ ನೋಡಿ, “ಅಪ್ಪ, ಇದೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರದ ಮಾರ್ಟಿನಲ್ಲಿ ಉಂಟು” ಎಂದಳು.

ಮುಂದಿನ ಸಲ ಏನು ತರಲಿ ಎಂದೆ.

“ಏನೂ ಬೇಡ. ಕಪಾಟಿನಲ್ಲಿ ಜಾಗ ಇಲ್ಲ.”

ನಕ್ಕೆ. ನಿಜ ಹೇಳಬೇಕೆಂದರೆ, ಒಳಗೊಳಗೇ ಬೇಜಾರಾಯಿತು.

ಗಿರಾಕಿ

ಕಳೆದ ಶುಕ್ರವಾರ ಮಧ್ಯಾಹ್ನ ರೂಮಿನಲ್ಲಿ ಹಲಸಿನ ಹಪ್ಪಳ ಕರಿದೆ. ನಮ್ಮ ಗೋದಾಮಿಗೇ ಮಂಗಳೂರಿನಿಂದ ಬಂದ ಮಾಲು. ಬಾಯಿಗಿಟ್ಟರೆ ಉಪ್ಪೋ ಉಪ್ಪು! ಪ್ಯಾಕೆಟ್ಟಿನ ಹಿಂದೆ ದೂರು ಹೇಳಲು ಫೋನ್ ನಂಬರಿತ್ತು. ಒಂದು ಕನ್ನಡದ ಸ್ವರವಾದರೂ ಕೇಳೀತು ಎಂದು ಒತ್ತಿದೆ.

“ನಮಸ್ಕಾರ, ಮಹಿಳಾ ಸಂಘ. ಹೇಳಿ.”

ಆಫೀಸಿನ ಗತ್ತಿನ ಹೆಣ್ಣುಸ್ವರ. ನಾನೂ ಗಂಟಲು ಸರಿಮಾಡಿಕೊಂಡು ದರ್ಪದಿಂದ ಹೇಳಿದೆ. “ನಾನು ಕತಾರಿನಿಂದ ಮಾತಾಡುವುದು. ನಿಮ್ಮ ಹಪ್ಪಳದಲ್ಲಿ ಉಪ್ಪು ಜಾಸ್ತಿ. ಹಿಟ್ಟು ಕಲಸಿದವರು ಯಾರು?”

ಆ ಕಡೆ ಸ್ವರವೇ ಬದಲಾಯಿತು.

“ನಾನೇ. ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ಒಂದು ದಿನ ಬಾಯಿ ಬಿಟ್ಟು ಉಪ್ಪು ಜಾಸ್ತಿ ಅಂದದ್ದುಂಟಾ ನೀವು? ಈಗ ಕತಾರಿನಿಂದ ಜೋರು!”

ನನ್ನ ಹೆಂಡತಿ! ಫೋನ್ ಕೆಳಗಿಡುವಷ್ಟರಲ್ಲಿ ಅವಳೇ ತಡೆದಳು.

“ನಿಲ್ಲಿ, ದೂರು ಬರೆದುಕೊಳ್ಬೇಕು. ಯಾವ ಎಣ್ಣೆಯಲ್ಲಿ ಕರಿದದ್ದು?”

ಹೇಳಿದೆ.

“ಎಂತದರ ಜೊತೆ ತಿಂದದ್ದು?”

“ಗಂಜಿ.”

“ಯಾರ ಜೊತೆ?”

“ಒಬ್ಬನೇ.”

ಅವಳು ಅದನ್ನು ಬರೆದುಕೊಂಡಳೋ ಇಲ್ಲವೋ ಗೊತ್ತಿಲ್ಲ. ಗಂಜಿಗೆ ಚಟ್ನಿ ಇತ್ತಾ, ಕೆಮ್ಮು ಹೋಯ್ತಾ, ತಲೆದಿಂಬು ಬದಲಿಸಿದ್ರಾ ಎಂದು ಒಂದೊಂದಾಗಿ ಕೇಳುತ್ತ ಹೋದಳು. ಮುಕ್ಕಾಲು ಗಂಟೆ ಮಾತಾಡಿದೆವು. ಕೊನೆಗೆ ಮತ್ತೆ ಸಂಘದ ಸ್ವರ ತಂದುಕೊಂಡು ಕೇಳಿದಳು: “ನಿಮ್ಮ ದೂರು ಪರಿಹಾರ ಆಯ್ತಾ?”

“ಇಲ್ಲ” ಎಂದೆ.

“ಹಾಗಾದ್ರೆ ನಾಳೆಯೂ ಫೋನ್ ಮಾಡಿ. ಗಿರಾಕಿಯನ್ನು ಅರ್ಧಕ್ಕೆ ಬಿಡುವ ಕ್ರಮ ನಮ್ಮ ಸಂಘದಲ್ಲಿಲ್ಲ.”